ರಕ್ತ ಕಾಣದ ನೋವು

ಗದಗ ಜಿಲ್ಲೆಯಾದ ಹೊಸದರಲ್ಲಿ ಬೆಟಗೇರಿಯ ನಮ್ಮ ಓಣಿಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು. ಇನ್ನು ಪ್ರತಿಯೊಂದಕ್ಕೂ ಧಾರವಾಡಕ್ಕೆ ಓಡುವುದು ತಪ್ಪಿತು, ದೊಡ್ಡ ಸಾಹೇಬರೇ ಇಲ್ಲಿ ಬಂದು ಕೂರುತ್ತಾರೆ, ನಮ್ಮ ದಿನಗಳೂ ಬದಲಾಗುತ್ತವೆ ಎಂದು. ನಮ್ಮ ಓಣಿಗೆ ಯಾವ ಸಾಹೇಬರೂ ಬರಲಿಲ್ಲ. ನಳದ ನೀರು ಕೂಡ ಮೊದಲಿನಂತೆ ವಾರ, ಹತ್ತು ದಿನಕ್ಕೊಮ್ಮೆ ಮುಖ ತೋರಿಸಿ ಹೋಗುತ್ತಿತ್ತು. ನನ್ನ ಪಾಲಿಗೆ ಮಾತ್ರ ಆ ವರ್ಷ ಹೊಸದೊಂದು ಬಂತು. ಹೊಕ್ಕುಳದ ಎಡಕ್ಕೆ, ಅಂಗೈ ಇಟ್ಟರೆ ಮುಚ್ಚುವಷ್ಟು ಜಾಗದಲ್ಲಿ, ಯಾರೋ ಒಳಗಿನಿಂದ ಹಿಂಡಿದ ಹಾಗೆ ನೋವು. ಅದರ ಹಿಂದೆಯೇ ಓಡಬೇಕಾದ ಅವಸರ. ಓಡಿ ಹೋಗಿ ನೋಡಿದರೆ ರಕ್ತ.

ಆಗ ನನಗೆ ಮೂವತ್ತು ದಾಟಿತ್ತು. ನಮ್ಮ ಮನೆಯವರು ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತರೆ ಊಟಕ್ಕೆ ಮಾತ್ರ ಏಳುವ ಮನುಷ್ಯ. ಅತ್ತೆ ಪಕ್ಕದಲ್ಲಿ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಿದ್ದರು. ನೇಯ್ದ ಸೀರೆಗಳನ್ನು ಗಂಟು ಕಟ್ಟಿಕೊಂಡು ಹೋಗಿ ಮಾರುವ ಕೆಲಸ ನನ್ನದು, ಏಕೆಂದರೆ ಅವರಿಬ್ಬರಿಗೂ ಹೊರಗಿನವರ ಮುಂದೆ ಬಾಯಿ ಬಿಡಲು ಬರುತ್ತಿರಲಿಲ್ಲ, ನನಗೆ ಮುಚ್ಚಲು ಬರುತ್ತಿರಲಿಲ್ಲ. ಒಂದು ದಿನ ಲಕ್ಷ್ಮೇಶ್ವರದ ಬಸ್ಸು, ಇನ್ನೊಂದು ದಿನ ಶಿರಹಟ್ಟಿ, ಮತ್ತೊಂದು ದಿನ ಮುಂಡರಗಿ. ನಡುವೆ ಸೊರಟೂರ, ಕುರ್ತಕೋಟಿಯಂಥ ಹಳ್ಳಿಗಳು. ಸೀರೆ ಮಾರುವುದು ನನಗೆ ಬಹಳ ಇಷ್ಟದ ಕೆಲಸವಾಗಿತ್ತು. ಗಂಟು ಬಿಚ್ಚಿದ ಕೂಡಲೇ ಪಡಸಾಲೆಯ ತುಂಬ ಹೆಂಗಸರು ಸೇರಿ, ಇಲ್ಲದ ಖೋಡಿ ಹುಡುಕಿ, ಸೆರಗು ಹೆಗಲಿಗೆ ಹಾಕಿ ನೋಡಿ, ಕೊಳ್ಳುವುದಿಲ್ಲ ಎಂದು ಹೇಳಿ, ಕೊನೆಗೆ ಕೊಳ್ಳುತ್ತಿದ್ದರು. ಆ ಜಗ್ಗಾಟದಲ್ಲಿ ನನಗೆ ಸುಖವಿತ್ತು.

ರಕ್ತದ ವಿಷಯ ಮೊದಲು ಅತ್ತೆಗೇ ಹೇಳಿದೆ. ಅವರು ಸ್ವಲ್ಪವೂ ಗಾಬರಿಯಾಗಲಿಲ್ಲ. ಬಟ್ಟಿ ಸರಿದಿದೆ ಎಂದರು. ನಮ್ಮ ಕಡೆ ಹೊಟ್ಟೆಯ ಯಾವ ತೊಂದರೆಗೂ ಮೊದಲು ಹೇಳುವ ಮಾತೇ ಅದು. ಭಾರ ಎತ್ತಿದರೆ ಹೊಕ್ಕುಳಿನ ಬುಡದಲ್ಲಿರುವ ಬಟ್ಟಿ ತನ್ನ ಜಾಗ ಬಿಟ್ಟು ಜಾರುತ್ತದಂತೆ, ಅದನ್ನು ತಿಕ್ಕಿ ಮತ್ತೆ ಜಾಗಕ್ಕೆ ತರಬೇಕಂತೆ. ನಮ್ಮ ಓಣಿಯಲ್ಲಿ ಬಟ್ಟಿ ನೋಡುವುದರಲ್ಲಿ ಅತ್ತೆಯದೇ ಎತ್ತಿದ ಕೈ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಅಂಗಾತ ಮಲಗಿಸಿ, ಹೊಕ್ಕುಳಿನಿಂದ ಎರಡೂ ಕಾಲಿನ ಹೆಬ್ಬೆರಳಿಗೆ ನೂಲು ಹಿಡಿದು ಅಳೆದರು. ಒಂದು ಕಡೆ ಗಿಡ್ಡ ಬಂತು. ಮೀನಖಂಡಕ್ಕೆ ಎಣ್ಣೆ ಹಚ್ಚಿ ಕಣ್ಣಲ್ಲಿ ನೀರು ಬರುವ ಹಾಗೆ ತಿಕ್ಕಿದರು. ಹೊಕ್ಕುಳದ ಮೇಲೆ ಉರಿಯುವ ಬತ್ತಿ ಇಟ್ಟು ಲೋಟ ಬೋರಲು ಹಾಕಿದರು. ಕಾಲಿನ ಹೆಬ್ಬೆರಳಿಗೆ ಕರಿ ದಾರ ಕಟ್ಟಿದರು. ಕೆಲವು ವಾರಗಳಲ್ಲಿ ರಕ್ತ ನಿಂತಿತು, ನೋವೂ ಹೋಯಿತು.

ಇದೇ ನಮ್ಮನ್ನು ಕೆಡಿಸಿದ್ದು. ಆ ಕಾಯಿಲೆ ಹಾಗೆಯೇ ಅಂತೆ, ತಾನಾಗಿ ಏಳುತ್ತದೆ, ತಾನಾಗಿ ಮಲಗುತ್ತದೆ. ಅದು ಮಲಗಿದಾಗಲೆಲ್ಲ ನಾವು ಅತ್ತೆಯ ಕೈಗುಣ ಎಂದುಕೊಂಡೆವು. ಎದ್ದಾಗಲೆಲ್ಲ ಗಂಟಿನ ಭಾರ ಎಂದುಕೊಂಡೆವು. ಅತ್ತೆಯ ಮೇಲೆ ನನಗೆ ಇವತ್ತಿಗೂ ಸಿಟ್ಟಿಲ್ಲ. ಹೆತ್ತ ತಾಯಿ ಕೂಡ ಅಷ್ಟು ಪ್ರೀತಿಯಿಂದ ನನ್ನ ಕಾಲು ತಿಕ್ಕಿರಲಿಲ್ಲ.

ಆದರೆ ಹಳ್ಳಿಗಳಲ್ಲಿ ನನ್ನ ಪಾಡು ಬೇರೆ. ಗಂಡಸರು ಬರೆಯುವ ಪುಸ್ತಕಗಳಲ್ಲಿ ಎರೆಹೊಲದ ಚೆಲುವು ಬಹಳ ಬರುತ್ತದೆ. ಹೊಟ್ಟೆ ಕೆಟ್ಟ ಹೆಂಗಸು ಮಧ್ಯಾಹ್ನದ ಬಿಸಿಲಿನಲ್ಲಿ ಸೊರಟೂರ ದಾರಿಯಲ್ಲಿ ನಿಂತು ಆ ಹೊಲ ನೋಡಬೇಕು. ಕಣ್ಣು ಹಾಯುವವರೆಗೂ ಕಪ್ಪು ನೆಲ, ಮರೆಗೆ ಒಂದು ಗಿಡವಿಲ್ಲ. ಹತ್ತಿ ಬೆಳೆದು ನಿಂತ ತಿಂಗಳುಗಳಲ್ಲಾದರೂ ಸ್ವಲ್ಪ ಮರೆ ಸಿಗುತ್ತಿತ್ತು, ಹತ್ತಿಕಟ್ಟಿಗೆ ಕಿತ್ತ ಮೇಲೆ ಅದೂ ಇಲ್ಲ. ಆಗಿನ ಹಳ್ಳಿಗಳಲ್ಲಿ ಹೆಂಗಸರು ಬಯಲಿಗೆ ಹೋಗುತ್ತಿದ್ದದ್ದು ನಸುಕಿನಲ್ಲಿ, ಇಲ್ಲವೇ ಕತ್ತಲಾದ ಮೇಲೆ. ನಡುಹಗಲು ಅವಸರವಾಗುವ ಹೆಂಗಸಿಗೆ ಆ ಊರುಗಳಲ್ಲಿ ಜಾಗವೇ ಇರಲಿಲ್ಲ. ಹೊಟ್ಟೆ ಹಿಡಿದುಕೊಂಡು, ಹಲ್ಲು ಕಚ್ಚಿ, ಬಸ್ಸಿನ ದಾರಿ ಕಾಯುತ್ತಾ ನಿಂತ ಆ ಮಧ್ಯಾಹ್ನಗಳನ್ನು ನೆನೆದರೆ ಈಗಲೂ ಅಳು ಬರುತ್ತದೆ.

ಅದಕ್ಕೆ ನಾನು ಒಂದು ಉಪಾಯ ಕಂಡುಕೊಂಡೆ. ಉಣ್ಣುವುದನ್ನೇ ಬಿಟ್ಟೆ. ಮನೆಯಿಂದ ಹೊರಡುವಾಗ ಒಂದು ಗುಟುಕು ನೀರು, ಮತ್ತೆ ಬಾಯಿಗೆ ಏನಾದರೂ ಹಾಕುವುದು ರಾತ್ರಿ ಬಂದ ಮೇಲೆ. ಆದರೆ ಸೀರೆ ಮಾರುವವಳಿಗೆ ಇದು ಅಷ್ಟು ಸುಲಭವಲ್ಲ. ನಮ್ಮ ಕಡೆಯ ಮನೆಗಳಲ್ಲಿ ಗಂಟು ಬಿಚ್ಚುವ ಮೊದಲೇ ಚುರುಮುರಿ, ಚಹಾ ತಂದಿಡುತ್ತಾರೆ. ಅದನ್ನು ಮುಟ್ಟದೆ ಗಂಟು ಬಿಚ್ಚಿದರೆ ಆ ಮನೆಯವರನ್ನು ಕೀಳು ಮಾಡಿದ ಹಾಗೆ. ಹಾಗಾಗಿ ಸುಳ್ಳು ಹೇಳತೊಡಗಿದೆ. ಸೋಮವಾರ ಒಪ್ಪತ್ತು ಎಂದೆ. ಗುರುವಾರವೂ ಒಪ್ಪತ್ತು ಎಂದೆ. ಶುಕ್ರವಾರ ಅಮ್ಮನ ವಾರ, ಶನಿವಾರ ಹನುಮಪ್ಪನ ವಾರ. ನೋಡನೋಡುತ್ತ ನನಗೆ ದೊಡ್ಡ ದೈವಭಕ್ತೆ ಎಂಬ ಹೆಸರು ಬಂತು. ಕುರ್ತಕೋಟಿಯಲ್ಲಿ ಒಬ್ಬ ಮುದುಕಿ ಬಗ್ಗಿ ನನ್ನ ಕಾಲಿಗೇ ನಮಸ್ಕಾರ ಮಾಡಿದಳು. ಹೊಟ್ಟೆಯೊಳಗೆ ಕರುಳು ಕಿತ್ತು ಬರುತ್ತಿತ್ತು, ನಾನು ಅವಳ ತಲೆಯ ಮೇಲೆ ಕೈ ಇಟ್ಟು ಆಶೀರ್ವಾದ ಮಾಡಿದೆ.

ನನ್ನ ಭಕ್ತಿಯನ್ನು ನಂಬದವಳು ಒಬ್ಬಳೇ, ಲಕ್ಷ್ಮೇಶ್ವರದ ಗಾದಿ ಮನೆಯಾಕೆ. ಅವಳ ಗಂಡ ಹತ್ತಿ ಹಿಂಜಿ ಗಾದಿ ಹೊಲಿಯುತ್ತಿದ್ದ, ಮನೆಯ ತುಂಬ ಯಾವಾಗಲೂ ಅರಳೆ ಹಾರಾಡುತ್ತಿತ್ತು. ನಾನು ಚಹಾದ ಬಸಿಯನ್ನು ಹಿಂದಕ್ಕೆ ಸರಿಸಿದಾಗ ಆಕೆ ನನ್ನ ಮುಖವನ್ನೇ ನೋಡಿ, ನಿನ್ನ ದೇವರುಗಳಿಗೆಲ್ಲ ಉಪವಾಸವೇ ಬೇಕೇನು, ಒಬ್ಬನಿಗಾದರೂ ಹಸಿವಿನ ಮೇಲೆ ಕರುಣೆ ಇಲ್ಲವೇ ಎಂದು ನಕ್ಕಳು. ಆಮೇಲೆ ಏನೂ ಕೇಳದೆ ಹಿತ್ತಲ ಬಾಗಿಲು ತೆರೆದು ಮೂಲೆಯಲ್ಲಿದ್ದ ಪಾಯಖಾನೆ ತೋರಿಸಿ, ಒಂದು ಬಕೆಟ್ ನೀರು ತುಂಬಿಟ್ಟು ಹೋದಳು. ಅಲ್ಲಿಂದ ಮುಂದೆ ಲಕ್ಷ್ಮೇಶ್ವರದ ದಿನ ಮಾತ್ರ ನಾನು ಎರಡು ತುತ್ತು ಉಂಡೆ.

ಮೈ ಇಳಿದು ಇಳಿದು ನನ್ನ ಬಳೆಗಳು ಮೊಣಕೈವರೆಗೆ ಏರತೊಡಗಿದಾಗ ನಮ್ಮ ಮನೆಯವರು ಮಗ್ಗ ನಿಲ್ಲಿಸಿ ನನ್ನನ್ನು ದವಾಖಾನೆಗೆ ಕರೆದುಕೊಂಡು ಹೋದರು. ಗದಗಿನಲ್ಲಿ ಮೊದಲು ಕರುಳಿನ ಕ್ಷಯ ಇರಬಹುದು ಎಂದರು. ಕ್ಷಯದ ಗುಳಿಗೆ ತಿಂಗಳುಗಟ್ಟಲೆ ನುಂಗಿದೆ. ಓಣಿಯವರು ನನಗೆ ಚಹಾ ಕೊಡುವ ಲೋಟ ಬೇರೆಯಾಯಿತು. ಅದರಿಂದ ಏನೂ ಆಗದೆ ಹುಬ್ಬಳ್ಳಿಗೆ ಹೋದ ಮೇಲೆ, ಅಲ್ಲಿ ಒಬ್ಬ ಡಾಕ್ಟರಬಾಯಿ ಕರುಳೊಳಗೆ ಕ್ಯಾಮೆರಾ ನಳಿಗೆ ಇಳಿಸಿ ನೋಡಿ, ಇದು ಕ್ಷಯವಲ್ಲ, ಕರುಳಿನ ಉರಿಯೂತ, ಒಮ್ಮೆ ಬಂದು ಹೋಗುವಂಥದ್ದಲ್ಲ ಎಂದರು. ಒಳಗೆ ಅಲ್ಲಲ್ಲಿ ಹುಣ್ಣಾಗಿತ್ತು. ಅವರು ಬರೆದ ಗುಳಿಗೆಯಿಂದ ರಕ್ತ ನಿಂತಿತು, ಮುಖ ಮಾತ್ರ ಹೂರಣ ತುಂಬಿದ ಕಡುಬಿನ ಹಾಗೆ ಉಬ್ಬಿತು. ಮುಂಡರಗಿಯ ಹೆಂಗಸರು ಅದನ್ನು ನೋಡಿ, ಅಂತೂ ಮೈಕೈ ತುಂಬಿಕೊಂಡೆಯಲ್ಲ ಎಂದು ಸಂತೋಷಪಟ್ಟರು.

ರಕ್ತ ನಿಂತಿತು ಎಂದರೆ ಗುಣವಾಯಿತು ಎಂದು ನಾವು ಮೂವರೂ ತಿಳಿದಿದ್ದೆವು. ಗುಳಿಗೆ ನಿಲ್ಲಿಸಿದೆವು. ಮಳೆಗಾಲ ಮುಗಿಯುವ ಹೊತ್ತಿಗೆ ರಕ್ತ ಮತ್ತೆ ಬಂತು. ಮತ್ತೆ ಗುಳಿಗೆ, ಮತ್ತೆ ಉಬ್ಬಿದ ಮುಖ, ಮತ್ತೆ ನಿಲ್ಲಿಸಿದ್ದು. ಹೀಗೆ ಎಷ್ಟು ಸಲ ಆಯಿತೋ ಲೆಕ್ಕವಿಟ್ಟಿಲ್ಲ. ಪ್ರತಿ ಸಲವೂ ನೋವು ಹಿಂದಿನ ಸಲಕ್ಕಿಂತ ಜಲ್ದಿ ಬರುತ್ತಿತ್ತು, ತಡವಾಗಿ ಹೋಗುತ್ತಿತ್ತು. ಆ ವರ್ಷಗಳಲ್ಲೇ ನಮ್ಮ ಮನೆಯವರು ನೂಲು ಒಣಹಾಕುತ್ತಿದ್ದ ಹಿತ್ತಲಿನ ಜಾಗದಲ್ಲಿ ನನಗಾಗಿ ಪಾಯಖಾನೆ ಕಟ್ಟಿಸಿದರು. ನೂಲು ಒಣಗಲು ಆಮೇಲೆ ಬಿಸಿಲು ಸಿಗದೆ ಅವರಿಗೆ ಬಹಳ ತೊಂದರೆಯಾಯಿತು. ಒಂದು ಮಾತೂ ಆಡಲಿಲ್ಲ. ಅತ್ತೆ ನಳದ ಸರದಿಯಲ್ಲಿ ನಿಂತು, ಜಗಳವಾಡಿ, ನನಗೆಂದು ಎರಡು ಕೊಡ ಹೆಚ್ಚು ತರುತ್ತಿದ್ದರು. ಮುಂದೆ ನಡೆದದ್ದನ್ನು ಓದುವಾಗ ಇದನ್ನು ಮರೆಯಬಾರದು. ಅವರು ಕೆಟ್ಟವರಲ್ಲ.

ಕೊನೆಗೆ ಡಾಕ್ಟರಬಾಯಿ ನಮ್ಮಿಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಬೈದರು. ಹುಣ್ಣು ಮಾಯಲು ಹೊಸ ಪದರ ಬರಬೇಕು, ಅದು ಎಳೆಯದಿರುವಾಗಲೇ ಮತ್ತೆ ಸುಟ್ಟರೆ ಕರುಳು ತನ್ನ ಮೊದಲಿನ ಮೆದುತನವನ್ನು ಕಳೆದುಕೊಂಡು ದಪ್ಪಗೆ, ಬಿರುಸಾಗಿ ಮಾಯುತ್ತದೆ. ಅದರೊಳಗಿನ ನರಗಳೂ ಪ್ರತಿ ಸಲ ಬೇಯುತ್ತವೆ. ಇನ್ನು ಮೇಲೆ ರಕ್ತ ಇರಲಿ ಬಿಡಲಿ, ಗುಳಿಗೆ ನಿಲ್ಲಿಸುವ ಹಾಗಿಲ್ಲ. ನಾವು ತಲೆ ತಗ್ಗಿಸಿ ಕೇಳಿದೆವು. ಆ ಸಲ ನಾನು ಗುಳಿಗೆ ನಿಲ್ಲಿಸಲಿಲ್ಲ. ವರ್ಷ ಕಳೆದ ಮೇಲೆ ಮತ್ತೆ ನಳಿಗೆ ಇಳಿಸಿ ನೋಡಿ, ಕರುಳು ಚೊಕ್ಕ ಆಗಿದೆ ಎಂದರು. ಒಳಗಿನ ಬಣ್ಣದ ಚಿತ್ರಗಳಿದ್ದ ಹಾಳೆಯನ್ನೂ ಕೊಟ್ಟರು.

ನಮ್ಮ ಮನೆಯಲ್ಲಿ ಮಗ್ಗದಿಂದ ಸೀರೆ ಕೊಯ್ದು ತೆಗೆದ ಕೂಡಲೇ ಮಾಡುವ ಕೆಲಸ ಒಂದಿದೆ. ತಲೆಬಾಗಿಲಲ್ಲಿ ಬೆಳಕಿಗೆ ಅಡ್ಡ ಹಿಡಿದು, ಹಿಂದಿನಿಂದ ನೋಡುತ್ತಾರೆ. ಎಳೆ ತಪ್ಪಿದ್ದರೆ ಬೆಳಕು ತೂರಿ ಬರುತ್ತದೆ, ಗಂಟಿದ್ದರೆ ಕಪ್ಪಗೆ ಕಾಣುತ್ತದೆ. ಬೆಳಕಿಗೆ ಹಿಡಿದಾಗ ಕಾಣದ ತಪ್ಪು ಆ ಬಟ್ಟೆಯಲ್ಲಿ ಇಲ್ಲವೇ ಇಲ್ಲ. ನೇಯುವವರಿಗೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇರಿಲ್ಲ. ಹುಬ್ಬಳ್ಳಿಯಿಂದ ಬಂದ ದಿನ ನಮ್ಮ ಮನೆಯವರು ಆ ಹಾಳೆಯನ್ನೂ ಹಾಗೆಯೇ ಬಾಗಿಲಲ್ಲಿ ಎತ್ತಿ ಹಿಡಿದು ನೋಡಿದರು. ಹಿಂದೆ ಮುಂದೆ ತಿರುಗಿಸಿದರು. ಅತ್ತೆಯನ್ನು ಕರೆದು ತೋರಿಸಿದರು.

“ಒಂದ ಗಂಟಿಲ್ಲ, ಒಂದ ತೂತಿಲ್ಲ ನೋಡವ್ವಾ. ಸಾಫ್ ಆಗೈತಿ” ಎಂದರು. ಅವರ ಕಣ್ಣಲ್ಲಿ ನೀರು ತುಂಬಿದ್ದನ್ನು ನಾನು ನೋಡಿದೆ.

ಅತ್ತೆ ಹರಕೆ ಹೊತ್ತಿದ್ದರು. ಐದು ಮಂದಿ ಮುತ್ತೈದೆಯರನ್ನು ಕರೆದು, ಉಡಿ ತುಂಬಿ, ಹೋಳಿಗೆ ಊಟ ಹಾಕಿಸಿದರು. ಅವರ ಜೊತೆ ನನ್ನನ್ನೂ ಸಾಲಿನಲ್ಲಿ ಕೂರಿಸಿ ತಾವೇ ತುಪ್ಪ ಬಡಿಸಿದರು. ಎಷ್ಟೋ ವರ್ಷಗಳ ಮೇಲೆ ನಾನು ಹೆದರದೆ ಉಂಡ ಊಟ ಅದು. ಕೈ ತೊಳೆದು ಎಲೆ ಅಡಿಕೆ ಹಾಕಿಕೊಳ್ಳುವಷ್ಟರಲ್ಲಿ ನೋವು ಬಂತು. ಎಡಕ್ಕೆ, ಅದೇ ಜಾಗದಲ್ಲಿ, ಅದೇ ಹಿಂಡು. ಮುತ್ತೈದೆಯರು ಇನ್ನೂ ಹೊರಟಿರಲಿಲ್ಲ, ನಾನು ಗೋಡೆಗೆ ಒರಗಿ ಹೊಟ್ಟೆ ಒತ್ತಿಕೊಂಡೆ. ಅತ್ತೆ ನನ್ನನ್ನು ನೋಡಿದರು. ಅವರ ಮುಖದಲ್ಲಿ ಕಂಡದ್ದು ಗಾಬರಿಯಲ್ಲ, ಅವಮಾನ. ಹರಕೆಯ ಊಟ ಉಂಡು ಎದ್ದವಳು ಎಲ್ಲರೆದುರು ಹೊಟ್ಟೆ ಹಿಡಿದುಕೊಂಡರೆ ದೇವರ ಮುಂದೆ, ಓಣಿಯ ಮುಂದೆ ಅವರ ಮಾನ ಏನಾಗಬೇಕು?

ಅಂದಿನಿಂದ ನೋವು ಬಂದಾಗಲೆಲ್ಲ ಅತ್ತೆ ಮೊದಲು ಕೇಳುತ್ತಿದ್ದದ್ದು ರಕ್ತ ಬಂತೇ ಎಂದು. ಇಲ್ಲ ಎಂದರೆ ಸುಮ್ಮನೆ ಕಂಡಿಕೆ ಸುತ್ತಲು ಹೋಗುತ್ತಿದ್ದರು. ಎಣ್ಣೆ ಬಿಸಿ ಮಾಡುವುದು ನಿಂತಿತು. ನಾನು ಊರೂರು ತಿರುಗಲು ಬೇಸರವಾಗಿ ನೆವ ಹೇಳುತ್ತಿದ್ದೇನೆ ಎಂದು ಓಣಿಯಲ್ಲಿ ಮಾತು ಹುಟ್ಟಿತು. ನನಗೆ ಮೈಯೆಲ್ಲ ಉರಿಯಿತು. ನಾನು, ಹೊಟ್ಟೆ ಹಿಡಿದುಕೊಂಡು ವರ್ಷಗಟ್ಟಲೆ ಎರೆಯಲ್ಲಿ ನಡೆದವಳು, ನೆವ ಹೇಳುತ್ತೇನೆಯೇ? ಮನೆಯವರಿಗೆ ನೇರವಾಗಿ ಕೇಳಿದೆ, ನೀವಾದರೂ ನನ್ನನ್ನು ನಂಬುತ್ತೀರೋ ಇಲ್ಲವೋ ಎಂದು. ಅವರು ಲಾಳಿಯನ್ನು ಕೆಳಗಿಟ್ಟು ನನ್ನ ಕಡೆ ತಿರುಗಿದರು.

“ನಿನ್ನ ನಂಬಲಾರದಂಗ ಏನಿಲ್ಲ. ಆದ್ರ ನನ್ನ ಕಣ್ಣಿಗೆ ಕಂಡದ್ದೂ ಸುಳ್ಳ ಅನ್ನಾಕ ಬರೂದಿಲ್ಲ” ಎಂದರು.

ಆ ಮಾತು ಕೇಳಿದ ದಿನ ನನ್ನ ಮೇಲೇ ನನಗೆ ಅನುಮಾನ ಹುಟ್ಟಿತು. ನೋವು ಬಂದಾಗ ಸುಮ್ಮನೆ ಕೂತು ಅದನ್ನೇ ಪರೀಕ್ಷೆ ಮಾಡುತ್ತಿದ್ದೆ. ಇದು ನಿಜವಾಗಿ ಬರುತ್ತಿದೆಯೋ, ನಾನೇ ಕರೆಯುತ್ತಿದ್ದೇನೆಯೋ? ಹಿತ್ತಲಿಗೆ ಹೋದಾಗಲೆಲ್ಲ ಬಗ್ಗಿ ರಕ್ತ ಹುಡುಕುತ್ತಿದ್ದೆ. ಒಂದು ಹನಿಯಾದರೂ ಇರಲಪ್ಪಾ ಎಂದು ಬೇಡಿಕೊಳ್ಳುತ್ತಿದ್ದೆ. ಎಲ್ಲರೂ ಕಾಯಿಲೆ ಹೋಗಲಿ ಎಂದು ಬೇಡುತ್ತಾರೆ, ನಾನು ಬರಲಿ ಎಂದು ಬೇಡುವ ಗತಿಗೆ ಬಂದಿದ್ದೆ.

ಒಬ್ಬಳೇ ಬಸ್ಸು ಹತ್ತಿ ಹುಬ್ಬಳ್ಳಿಗೆ ಹೋದೆ. ಡಾಕ್ಟರಬಾಯಿ ನಾನು ಹೇಳಿದ್ದನ್ನೆಲ್ಲ ಕೇಳಿದರು. ಅವರಿಗೆ ಸ್ವಲ್ಪವೂ ಆಶ್ಚರ್ಯವಾಗಲಿಲ್ಲ. ಇದೇ ಮಾತನ್ನು ಹಿಂದೆ ಹೇಳಿದ್ದೆನಲ್ಲ, ನಿಮ್ಮ ನರಗಳು ಅಷ್ಟು ಸಲ ಬೆಂದಿವೆ ಎಂದರು. ಹುಣ್ಣು ಮಾಯ್ದ ಮೇಲೂ ಕೆಲವರ ನರಗಳು ಮೊದಲಿನ ಹಾಗೆ ಸುಮ್ಮನಾಗುವುದಿಲ್ಲವಂತೆ. ಗಾಳಿ ಸರಿದಾಡಿದರೆ, ಒಂದು ತುತ್ತು ಅನ್ನ ಹಾದು ಹೋದರೆ, ಅವು ಅದನ್ನೇ ಹುಣ್ಣೆಂದು ತಿಳಿದು ಮಿದುಳಿಗೆ ಸುದ್ದಿ ಮುಟ್ಟಿಸುತ್ತವಂತೆ. ಕ್ಯಾಮೆರಾಗೆ ಕರುಳಿನ ಮೈ ಕಾಣುತ್ತದೆ, ನರದ ಸಂಕಟ ಕಾಣುವುದಿಲ್ಲ.

“ನಿಮ್ಮ ನೋವು ಖರೆ ಐತ್ರಿ. ಬರೇ ನಮ್ಮ ನಳಿಗಿಗೆ ಸಿಗೂದಿಲ್ಲ” ಎಂದರು.

ಅಲ್ಲಿಯೇ ಅತ್ತುಬಿಟ್ಟೆ. ಅವರು ನರಗಳನ್ನು ತಣಿಸಲು ಒಂದು ಸಣ್ಣ ಗುಳಿಗೆ ಬರೆದರು. ಇದನ್ನು ದೊಡ್ಡ ಪ್ರಮಾಣದಲ್ಲಿ ಮನಸ್ಸಿನ ಕಾಯಿಲೆಗೂ ಕೊಡುತ್ತಾರೆ, ನಿಮಗೆ ಕೊಡುತ್ತಿರುವುದು ಹೊಟ್ಟೆಯ ನರಕ್ಕೆ, ಗಾಬರಿಯಾಗಬೇಡಿ ಎಂದು ಮೊದಲೇ ತಿಳಿಸಿದರು. ಆ ಗುಳಿಗೆಯಿಂದ ಕೆಲವೇ ವಾರಗಳಲ್ಲಿ ನೋವಿನ ಕಸುವು ಅರ್ಧಕ್ಕೆ ಇಳಿಯಿತು. ಉಂಡ ಮೇಲೆ ಹೆದರಿ ಕೂರುವುದು ತಪ್ಪಿತು. ಒಮ್ಮೆ ಶಿರಹಟ್ಟಿಯಲ್ಲಿ ಮಿರ್ಚಿ ಕೂಡ ತಿಂದೆ.

ಹಾಗೆಯೇ ನಡೆದಿದ್ದರೆ ನಾನು ಈ ಬರಹವನ್ನೇ ಬರೆಯುತ್ತಿರಲಿಲ್ಲ. ಗುಳಿಗೆ ಮುಗಿದಾಗ ತರಲು ಮನೆಯವರು ಔಷಧದ ಅಂಗಡಿಗೆ ಹೋದರು. ಅಂಗಡಿಯವನು ಚೀಟಿ ನೋಡಿ, ಇದು ತಲೆ ಸರಿಯಿಲ್ಲದವರಿಗೆ ಕೊಡುವ ಗುಳಿಗೆಯಲ್ಲವೇ, ಯಾರಿಗೆ ಎಂದು ಕೇಳಿದನಂತೆ. ಅವರು ಆ ಮಾತನ್ನೂ ಪೊಟ್ಟಣವನ್ನೂ ತಂದು ನನಗೆ ಒಪ್ಪಿಸಿದರು. ಡಾಕ್ಟರಬಾಯಿ ಹೇಳಿದ್ದನ್ನು ನಾನು ಎಷ್ಟು ವಿವರಿಸಿದರೂ ಅವರ ಕಿವಿಗೆ ಹೋಗಲಿಲ್ಲ. ಅವರ ಲೆಕ್ಕ ಎಷ್ಟು ಸಲೀಸಾಗಿ ಕೂಡಿತ್ತೆಂದರೆ ಅದನ್ನು ಬಿಚ್ಚಲು ನನ್ನಿಂದಾಗಲಿಲ್ಲ. ಕರುಳು ಚೊಕ್ಕ ಇದೆ, ಆದರೂ ಇವಳು ನೋವು ಎನ್ನುತ್ತಾಳೆ, ಡಾಕ್ಟರ್ ತಲೆಯ ಗುಳಿಗೆ ಕೊಟ್ಟಿದ್ದಾರೆ. ಇನ್ನೇನು ಉಳಿಯಿತು?

ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನಾನೂ ಬೈದು ಹಗುರಾಗುತ್ತಿದ್ದೆ. ಎಲ್ಲರೂ ಮೆತ್ತಗಾದರು, ಅದನ್ನು ತಡೆಯಲಾಗಲಿಲ್ಲ. ಅತ್ತೆ ಕತ್ತರಿಯನ್ನು ನನ್ನ ಕೈಗೆ ಸಿಗದಂತೆ ಗೋಡೆಯ ಮೇಲಿನ ಮಾಡಿನಲ್ಲಿ ಇಡತೊಡಗಿದರು. ತಾಯಿತ ತಂದು ಕಟ್ಟಿದರು. ನಾನು ಜೋರಾಗಿ ನಕ್ಕರೆ ತಾಯಿ ಮಗ ಇಬ್ಬರೂ ಒಮ್ಮೆಗೇ ತಿರುಗಿ ನೋಡುತ್ತಿದ್ದರು. ಸೀರೆ ಗಂಟನ್ನು ಮನೆಯವರೇ ಹೊರತೊಡಗಿದರು. ದಾರಿಯಲ್ಲಿ ಏನಾದರೂ ಆದರೆ ಎಂದು ನನ್ನನ್ನು ಹೊಸ್ತಿಲು ದಾಟಲು ಬಿಡಲಿಲ್ಲ. ಹೊರಗಿನವರ ಮುಂದೆ ಬಾಯಿ ಬಿಡಲು ಬಾರದ ಆ ಮನುಷ್ಯ ಊರೂರು ತಿರುಗಿ, ಹೆಂಗಸರ ನಡುವೆ ನಾಚಿಕೊಂಡು ಕೂತು, ಒಯ್ದ ಸೀರೆಗಳನ್ನು ಹಾಗೆಯೇ ಹೊತ್ತು ತರುತ್ತಿದ್ದರು. ಮಗ್ಗ ಅರ್ಧ ವಾರ ಸುಮ್ಮನಿರುತ್ತಿತ್ತು. ನನಗೆ ನನ್ನ ನೋವಿಗಿಂತ ಆ ಸಪ್ಪಳವಿಲ್ಲದ ಮನೆ ಹೆಚ್ಚು ಹಿಂಸೆಯಾಯಿತು.

ನಾನು ನರದ ಗುಳಿಗೆಯನ್ನು ಬಿಟ್ಟೆ. ಅದನ್ನು ನುಂಗುವಷ್ಟು ದಿನ ಈ ಮನೆಯಲ್ಲಿ ನಾನು ಹುಚ್ಚಿ. ಬಿಟ್ಟರೆ ನೋವು ಪೂರ್ತಿ ಬರುತ್ತದೆ, ಬರಲಿ. ಕರುಳಿನ ಗುಳಿಗೆಯನ್ನು ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ.

ಒಂದು ಸಂಜೆ ಮನೆಯವರು ಲಕ್ಷ್ಮೇಶ್ವರದಿಂದ ಬಂದು ಗಂಟು ಇಳಿಸಿ, ಊಟಕ್ಕೆ ಕೂತವರು, ಗಾದಿ ಮನೆಯಾಕೆ ತಮ್ಮನ್ನು ಬಾಗಿಲಲ್ಲೇ ನಿಲ್ಲಿಸಿ ಬೈದದ್ದನ್ನು ಹೇಳಿದರು. ಸೀರೆಯಾಕೆ ಎಲ್ಲಿ ಎಂದು ಆಕೆ ಕೇಳಿದ್ದಾಳೆ, ಇವರು ತಲೆ ಸರಿಯಿಲ್ಲ ಎಂದಿದ್ದಾರೆ. ಆಕೆ ಹೇಳಿದ ಮಾತನ್ನು ಅವರು ಒಂದಕ್ಷರ ಬಿಡದೆ ನನಗೆ ಒಪ್ಪಿಸಿದರು.

“ನಿಮ್ಮ ಹೇಣ್ತಿ ನಮ್ಮ ಹಿತ್ತಲದಾಗ ಗ್ವಾಡಿ ಹಿಡಕೊಂಡು ನಿಂತದ್ದು ನಾ ಕಿಡಕ್ಯಾಗಿಂದ ನೋಡೀನ್ರಿ. ಯಾರೂ ಇಲ್ಲದಲ್ಲಿ ಆಕಿ ಯಾರಿಗೆ ತೋರಸಾಕ ಹಂಗ ನಿಂದರ್ತಿದ್ಲು?”

ನಾನು ಅವರ ಮುಖವನ್ನೇ ನೋಡಿದೆ. ಮನೆಯವರು ರೊಟ್ಟಿ ಮುರಿಯುತ್ತ, ಅದೂ ವಿಚಾರ ಮಾಡಬೇಕಾದ ಮಾತೇ ಎಂದರು. ಇನ್ನೊಂದು ತುತ್ತು ನುಂಗಿ, ಆದರೆ ಅದು ಕರುಳು ಚೊಕ್ಕ ಆಗುವುದಕ್ಕಿಂತ ಮೊದಲಿನ ಮಾತು ಎಂದರು. ಕೈ ತೊಳೆದು ಮಲಗಲು ಹೋದರು. ಆ ದಿನದಷ್ಟು ಒಬ್ಬಂಟಿ ನಾನು ಯಾವತ್ತೂ ಆಗಿರಲಿಲ್ಲ.

ಬೇಸಿಗೆ ಶುರುವಾದಾಗ ಒಂದು ಬೆಳಗ್ಗೆ ಹಿತ್ತಲಿನಲ್ಲಿ ರಕ್ತ ಕಂಡಿತು. ಗುಳಿಗೆ ತಪ್ಪಿಸದಿದ್ದರೂ ಕಾಯಿಲೆ ಎದ್ದಿತ್ತು. ಹಾಗೂ ಆಗುತ್ತದೆ, ಹಳೆಯ ಗುಳಿಗೆಗೆ ಅದು ಮಣಿಯುವುದನ್ನು ಬಿಡುತ್ತದೆ ಎಂದು ಡಾಕ್ಟರಬಾಯಿ ಆಮೇಲೆ ಹೇಳಿದರು. ನನಗೆ ಆಗ ಅದು ಯಾವುದೂ ಹೊಳೆಯಲಿಲ್ಲ. ನನಗಾದದ್ದು ಸಂತೋಷ. ಸುಳ್ಳು ಹೇಳಿ ಏನು ಮಾಡಲಿ, ನನಗೆ ಆ ಕ್ಷಣ ಹಬ್ಬದಂಥ ಸಂತೋಷವಾಯಿತು. ನೀರು ಹಾಕದೆ ಹಾಗೆಯೇ ಬಾಗಿಲು ತೆರೆದಿಟ್ಟು, ಅತ್ತೀ, ಬರ್ರಿ, ನೋಡ್ರಿ ಎಂದು ಕೂಗಿದೆ. ಮಗ್ಗದಿಂದ ಮನೆಯವರೂ ಎದ್ದು ಬಂದರು. ಇಬ್ಬರೂ ಬಗ್ಗಿ ನೋಡಿದರು. ನಾನು ಹಿಂದೆ ನಿಂತು ನಗುತ್ತಿದ್ದೆ.

ಅತ್ತೆ ಅಲ್ಲಿಯೇ ಕಲ್ಲಿನ ಮೇಲೆ ಕುಸಿದು ಕೂತು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತರು. “ಖರೇನs ಇತ್ತಲ್ಲವ್ವಾ, ಖರೇನs ಇತ್ತು” ಎಂದು ಅದನ್ನೇ ಹೇಳಿದರು. ಮನೆಯವರು ನನ್ನ ಮುಖ ನೋಡಲಾರದೆ ಕೊಡ ಎತ್ತಿಕೊಂಡು ಹೋದರು. ಆ ದಿನವೆಲ್ಲ ನನಗೆ ರಾಣಿಯ ಉಪಚಾರ. ಅತ್ತೆ ಎಣ್ಣೆ ಬಿಸಿ ಮಾಡಿ ತಂದರು, ಮೀನಖಂಡ ತಿಕ್ಕಿದರು, ಗಂಜಿ ಮಾಡಿ ಕುಡಿಸಿದರು. ಕತ್ತರಿ ಮಾಡಿನಿಂದ ಇಳಿದು ತನ್ನ ಜಾಗಕ್ಕೆ ಬಂತು. ನಾನು ಗೆದ್ದಿದ್ದೆ. ಏನನ್ನು ಕೊಟ್ಟು ಗೆದ್ದೆ ಎಂಬುದು ತಿಳಿಯಲು ಇನ್ನೂ ಕೆಲವು ವಾರ ಬೇಕಾಯಿತು.

ಈ ಸಲ ರಕ್ತ ನಿಂತರೂ ವಾಂತಿ ನಿಲ್ಲಲಿಲ್ಲ. ಉಂಡದ್ದು ಕೆಳಗಿಳಿಯದೆ ಹೊಟ್ಟೆ ಉಬ್ಬಿ ಗಟ್ಟಿಯಾಯಿತು. ಹುಬ್ಬಳ್ಳಿಯಲ್ಲಿ ಫೋಟೋ ತೆಗೆದು ನೋಡಿದರೆ ಸಣ್ಣ ಕರುಳು ದೊಡ್ಡ ಕರುಳನ್ನು ಕೂಡುವಲ್ಲಿ, ಬಲಗಡೆ, ಸುಟ್ಟು ಮಾಯ್ದು ಸುಟ್ಟು ಮಾಯ್ದು ದಾರಿ ಕಿರಿದಾಗಿ ಹೋಗಿತ್ತು. ಆ ತುಂಡು ಇನ್ನು ಗುಳಿಗೆಗೆ ತೆರೆಯುವಂಥದ್ದಲ್ಲ, ಕೊಯ್ದು ತೆಗೆಯಲೇಬೇಕು ಎಂದರು. ತೆಗೆದರು. ಕೊಯ್ದದ್ದನ್ನು ಸ್ಟೀಲಿನ ತಟ್ಟೆಯಲ್ಲಿಟ್ಟು ಹೊರಗೆ ಕಾಯುತ್ತಿದ್ದ ಮನೆಯವರಿಗೆ ತೋರಿಸಿದರಂತೆ. ಅವರು ಎರಡು ದಿನ ಊಟ ಮಾಡಲಿಲ್ಲ.

ಹೊಸ ಗುಳಿಗೆಯಿಂದ ಅಂದಿನಿಂದ ಇಂದಿನವರೆಗೆ ರಕ್ತ ಬಂದಿಲ್ಲ. ನಾನು ಮತ್ತೆ ಗಂಟು ಹೊರಲಿಲ್ಲ, ಭಾರ ಎತ್ತಬಾರದೆಂದು ಹೇಳಿದ್ದಾರೆ. ಸೀರೆಗಳನ್ನು ಈಗ ಗದಗಿನ ಅಂಗಡಿಗೇ ಕೊಟ್ಟುಬಿಡುತ್ತಾರೆ. ಮನೆಗೆ ಯಾರು ಬಂದರೂ ಅತ್ತೆ ಎರಡೂ ಕೈ ಅಗಲಿಸಿ, ಸೊಸೆಯ ಹೊಟ್ಟೆಯಿಂದ ಇಷ್ಟುದ್ದ ಕರುಳು ತೆಗೆದರು, ನಾವು ಪಾಪಿಗಳು ಏನೂ ಇಲ್ಲ ಎನ್ನುತ್ತಿದ್ದೆವು ಎಂದು ಹೇಳುತ್ತಾರೆ. ಹೆಂಗಸರಾದರೆ ನನ್ನ ಸೀರೆ ಸರಿಸಿ ಹೊಲಿಗೆಯ ಗುರುತನ್ನೂ ತೋರಿಸುತ್ತಾರೆ. ಅದು ಹೊಕ್ಕುಳದ ಬಲಕ್ಕೆ, ಗೇಣುದ್ದ ಇದೆ. ನೋಡಿದವರೆಲ್ಲ ಅಯ್ಯೋ ಎನ್ನುತ್ತಾರೆ. ಆ ಗಾಯ ಚೆನ್ನಾಗಿ ಮಾಯ್ದಿದೆ, ನನಗೆ ಅದರಿಂದ ಒಂದು ದಿನವೂ ತೊಂದರೆಯಾಗಿಲ್ಲ.

ನೋವು ಈಗಲೂ ಬರುತ್ತದೆ, ಎಡಕ್ಕೆ. ಕರುಳು ಚೊಕ್ಕ ಎಂದು ಹಾಳೆ ಬಂದ ಕಾಲದಲ್ಲಿ ಎಲ್ಲಿ ಬರುತ್ತಿತ್ತೋ ಅಲ್ಲಿಯೇ. ನಾನು ಮುಖ ಹಿಂಡಿದ ಕೂಡಲೇ ಅತ್ತೆ ಕಂಡಿಕೆ ಬಿಟ್ಟು ಎದ್ದು ಬರುತ್ತಾರೆ. ಅವರಿಗೆ ಈಗ ಕಣ್ಣು ಸರಿಯಾಗಿ ಕಾಣುವುದಿಲ್ಲ. ಬೆರಳಿನಿಂದ ತಡವಿ ಹೊಲಿಗೆಯ ಗುರುತು ಹುಡುಕಿ, ಬಲಗಡೆ ಬಿಸಿ ಎಣ್ಣೆ ಹಚ್ಚುತ್ತಾ ಕೇಳುತ್ತಾರೆ.

“ಇಲ್ಲೇ ಹೌದಲ್ಲವ್ವಾ?”

ನಾನು ಹೌದ್ರಿ, ಅಲ್ಲೇ ಎನ್ನುತ್ತೇನೆ.